ಒಂದೇ ಮನೆಗೆ ಮೂರು ಬಣ್ಣದ ಚೀಟಿ: ಈ ತೂಕದ ಲೆಕ್ಕವನ್ನು ಎಷ್ಟು ನಂಬಬೇಕು?

ಕೆರೆ ಏರಿಯ ಹಾದಿ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವವಳು. ಆದ್ದರಿಂದ ಭಾಗಾಕಾರದಲ್ಲಿ ತಪ್ಪಾಗಿದೆಯೇ ಎಂದು ಕೇಳಲು ಬಂದಿಲ್ಲ. ಭಾಗಾಕಾರ ಸರಿಯಾಗಿದ್ದೂ ಉತ್ತರ ತಪ್ಪಾಗಬಹುದೇ ಎಂದು ಕೇಳಲು ಬಂದಿದ್ದೇನೆ.

ಕಳೆದ ಭಾನುವಾರ ನಮ್ಮ ಬಡಾವಣೆಯಲ್ಲಿ ಉಚಿತ ಆರೋಗ್ಯ ತಪಾಸಣಾ ಶಿಬಿರವೊಂದು ನಡೆಯಿತು. ಎತ್ತರ ಅಳೆದು, ತೂಕ ನೋಡಿ, ಕಿಲೋಗಳಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿ, ಬಂದ ಅಂಕಿಗೆ ತಕ್ಕಂತೆ ಹಸಿರು, ಹಳದಿ ಅಥವಾ ಕೆಂಪು ಚೀಟಿ ಕೊಟ್ಟರು. ನನ್ನ ಮಗನಿಗೆ 19 ವರ್ಷ, ಎತ್ತರ 168 ಸೆಂಟಿಮೀಟರ್, ತೂಕ 82 ಕಿಲೋ. ಬಿಎಂಐ ಎಂದು ಕರೆಯುವ ಆ ಅಂಕಿ ಅವನಿಗೆ 29 ಬಂದು, 'ಬೊಜ್ಜು' ಎಂದು ಬರೆದ ಕೆಂಪು ಚೀಟಿ ಸಿಕ್ಕಿತು. ನಮ್ಮ ಯಜಮಾನರಿಗೆ 49 ವರ್ಷ, 166 ಸೆಂಟಿಮೀಟರ್, 61 ಕಿಲೋ, ಅವರದು 22.1, ಹಸಿರು ಚೀಟಿ. ಅತ್ತೆಯವರಿಗೆ 72 ವರ್ಷ, 148 ಸೆಂಟಿಮೀಟರ್, 40 ಕಿಲೋ; 18.3 ಬಂದು ಹಳದಿ ಚೀಟಿ ಕೊಟ್ಟ ಹುಡುಗಿ, "ವಯಸ್ಸಾದವರು ಹೀಗೇ ಇರುತ್ತಾರೆ, ಹಾಲು ಕುಡಿಸಿ" ಎಂದು ಹೇಳಿ ಮುಂದಿನವರನ್ನು ಕರೆದಳು.

ಈಗ ಮನೆಯ ಸ್ಥಿತಿಯನ್ನು ಹೇಳುತ್ತೇನೆ. ಮಗ ಐದು ವರ್ಷಗಳಿಂದ ಗರಡಿಗೆ ಹೋಗುತ್ತಿದ್ದಾನೆ. ಬೆಳಗಿನ ಐದು ಗಂಟೆಗೆ ಎದ್ದು ದಂಡ, ಬೈಠಕ್ ಮುಗಿಸಿ, ಕುಸ್ತಿಯ ಕಣವಾದ ಮಟ್ಟಿಗೆ ಇಳಿದು ಬಂದ ಮೇಲೆಯೇ ಅವನಿಗೆ ಕಾಲೇಜು. ಹೊಟ್ಟೆ ಎಂಬುದು ಅವನಿಗೆ ಕಾಣುವಂತೆ ಇಲ್ಲ. ಆದರೆ ಆ ಚೀಟಿ ಬಂದಂದಿನಿಂದ ರಾತ್ರಿ ಊಟ ಬಿಟ್ಟಿದ್ದಾನೆ, 74 ಕಿಲೋ ವಿಭಾಗಕ್ಕೆ ಇಳಿಯುತ್ತೇನೆ ಎನ್ನುತ್ತಿದ್ದಾನೆ. ಯಜಮಾನರು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಅಂಗಿಯೊಳಗೆ ಬಿಂದಿಗೆ ಇಟ್ಟುಕೊಂಡಂತೆ. ಆರು ತಿಂಗಳ ಹಿಂದೆ ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಗಡಿಯಲ್ಲಿದೆ ಎಂದಿದ್ದರು. ಹಸಿರು ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಬೆಣ್ಣೆದೋಸೆಗೆ ಸರ್ಕಾರದ ಪರವಾನಗಿ ಸಿಕ್ಕಿತು ಎಂದು ನಗುತ್ತಾರೆ. ಅತ್ತೆಯವರು ಹೊಳಲ್ಕೆರೆ ಕಡೆಯ ಹಳ್ಳಿಯವರು, ಮೊದಲಿನಿಂದಲೂ ಸಣಕಲು. "ನಾನು ಯಾವತ್ತು ದಪ್ಪ ಇದ್ದೆ?" ಎಂದು ಅವರೂ ನಕ್ಕುಬಿಟ್ಟರು.

ಈ ಅಳತೆ ಎಲ್ಲಿಂದ ಬಂತು, ಯಾರಿಗೆ ಹೊಂದುತ್ತದೆ, ಮೂವರಲ್ಲಿ ನಾನು ನಿಜವಾಗಿ ಯಾರ ಬಗ್ಗೆ ಚಿಂತಿಸಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ.

ಪಥ್ಯಾಪಥ್ಯ (ದಾವಣಗೆರೆ)

ಮೇಡಂ, ನಮಸ್ಕಾರ. ನಾನು ಆಸ್ಪತ್ರೆಯೊಂದರಲ್ಲಿ ಆಹಾರ ತಜ್ಞೆಯಾಗಿ ಇಪ್ಪತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನೀವು ಗಣಿತದವರಾದ್ದರಿಂದ ಮೊದಲು ಈ ಸೂತ್ರದ ಹುಟ್ಟನ್ನೇ ಹೇಳುತ್ತೇನೆ, ಏಕೆಂದರೆ ಗೊಂದಲದ ಅರ್ಧ ಭಾಗ ಅಲ್ಲಿಯೇ ಇದೆ.

ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಈ ಲೆಕ್ಕವನ್ನು ಕಂಡುಕೊಂಡವರು ಬೆಲ್ಜಿಯಂನ ಅಡಾಲ್ಫ್ ಕ್ವೆಟ್ಲೆ. ಅವರು ವೈದ್ಯರಲ್ಲ, ಖಗೋಳಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರ ಬಲ್ಲ ಗಣಿತಜ್ಞರು. 1830ರ ದಶಕದಲ್ಲಿ ಅವರು ಹುಡುಕುತ್ತಿದ್ದುದು ರೋಗಿಯನ್ನಲ್ಲ, ಒಂದು ಸಮುದಾಯದ 'ಸರಾಸರಿ ಮನುಷ್ಯ'ನನ್ನು. ಆ ಸೂತ್ರಕ್ಕೆ ಬಿಎಂಐ ಎಂಬ ಇಂದಿನ ಹೆಸರು ಬಂದದ್ದು 1972ರಲ್ಲಿ, ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಐದು ದೇಶಗಳ ಏಳು ಸಾವಿರಕ್ಕೂ ಹೆಚ್ಚು ಗಂಡಸರನ್ನು ಅಳೆದು ನೋಡಿದಾಗ. ಗಂಡಸರು ಎಂಬ ಮಾತನ್ನು ಗಮನಿಸಿ. ಸಾವಿರಾರು ಜನರ ಗುಂಪನ್ನು ಅಗ್ಗವಾಗಿ, ಬೇಗನೆ ಅಳೆಯಲು ಇದಕ್ಕಿಂತ ಸುಲಭದ ಸಾಧನ ಇನ್ನೊಂದಿಲ್ಲ. ಕರ್ನಾಟಕದಲ್ಲಿ 2019ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 17 ಮಂದಿ ತೀರ ಸಣ್ಣಗೆ, ಸುಮಾರು 30 ಮಂದಿ ಅತಿತೂಕದಲ್ಲಿ ಇದ್ದಾರೆಂದು ತಿಳಿದದ್ದು ಇದೇ ಸೂತ್ರದಿಂದ. ಆದರೆ ನಿಮ್ಮ ಮಗನೊಬ್ಬನ ಮುಂದೆ ನಿಂತಾಗ ಅದಕ್ಕೆ ಮಾಂಸಖಂಡವೂ ಕೊಬ್ಬೂ ಒಂದೇ ತಕ್ಕಡಿಯ ಕಲ್ಲು.

ಎರಡನೆಯ ಗೊಂದಲ ಗಡಿಗಳದ್ದು. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಪಟ್ಟಿಯಲ್ಲಿ 18.5ಕ್ಕಿಂತ ಕಡಿಮೆ ಇದ್ದರೆ ಕಡಿಮೆ ತೂಕ, 25ರಿಂದ ಅತಿತೂಕ, 30ರಿಂದ ಬೊಜ್ಜು. ಏಷ್ಯಾದವರಲ್ಲಿ ಇದಕ್ಕಿಂತ ಕಡಿಮೆ ಅಂಕಿಯಲ್ಲಿಯೇ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಕಾಣಿಸಿಕೊಳ್ಳುತ್ತವೆ ಎಂದು ಅರಿವಾದ ಮೇಲೆ, 2004ರಲ್ಲಿ ಪ್ರಕಟವಾದ ತಜ್ಞರ ಸಮಾಲೋಚನೆಯ ವರದಿ ಮೂಲ ಪಟ್ಟಿಯನ್ನು ಹಾಗೆಯೇ ಇಟ್ಟು, ಏಷ್ಯಾದವರಿಗೆಂದು 23 ಮತ್ತು 27.5 ಎಂಬ ಎಚ್ಚರಿಕೆಯ ಗೆರೆಗಳನ್ನು ಸೇರಿಸಿತು. 2009ರಲ್ಲಿ ಭಾರತದ ತಜ್ಞರು ಒಮ್ಮತದಿಂದ 23ಕ್ಕೆ ಅತಿತೂಕ, 25ಕ್ಕೆ ಬೊಜ್ಜು ಎಂದು ನಿಗದಿ ಮಾಡಿದರು. ಆದ್ದರಿಂದಲೇ 24 ಇರುವವರಿಗೆ ಒಂದು ಕಡೆ ಹಸಿರು, ಇನ್ನೊಂದು ಕಡೆ ಹಳದಿ ಚೀಟಿ ಸಿಗುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಬೇರೆ ಬೇರೆ ಪಟ್ಟಿ ಹಿಡಿದಿದ್ದಾರೆ. ಇದು ನಮಗೆ ಮಾತ್ರ ಸೀಮಿತವಾದ ಮಾತೂ ಅಲ್ಲ. ಪೆಸಿಫಿಕ್ ದ್ವೀಪಗಳ ಜನರಲ್ಲಿ ಅದೇ ಬಿಎಂಐಗೆ ಯುರೋಪಿನವರಿಗಿಂತ ಕೊಬ್ಬು ಕಡಿಮೆ, ಮಾಂಸಖಂಡ ಹೆಚ್ಚು. ನಮ್ಮಲ್ಲಿ ಅದು ತಿರುಗುಮುರುಗು.

ಈಗ ನಿಮ್ಮ ಯಜಮಾನರ ವಿಷಯ. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಜಾನ್ ಯುಡ್ಕಿನ್ ಎಂಬ ಇಬ್ಬರು ವಿಜ್ಞಾನಿಗಳು 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿ ಒಂದು ಪುಟದ ಬರಹ ಪ್ರಕಟಿಸಿದರು. ಇಬ್ಬರ ಬಿಎಂಐ ಕೂಡ 22.3. ಮೈಯ ಒಟ್ಟು ಕೊಬ್ಬನ್ನು ಅಳೆದಾಗ ಯುಡ್ಕಿನ್ ಅವರ ದೇಹದಲ್ಲಿ ನೂರಕ್ಕೆ 9.1 ಭಾಗ, ಯಾಜ್ಞಿಕ್ ಅವರ ದೇಹದಲ್ಲಿ ನೂರಕ್ಕೆ 21.2 ಭಾಗ. ನಿಮ್ಮ ಮನೆಯ ಹಸಿರು ಚೀಟಿಯ 22.1ಕ್ಕೂ ಇದಕ್ಕೂ ಬಹಳ ದೂರವಿಲ್ಲ. ಹೊರಗೆ ಸಣ್ಣ, ಒಳಗೆ ದಪ್ಪ ಎನ್ನುವ ಈ ಮೈಕಟ್ಟು ನಮ್ಮ ದೇಶದಲ್ಲಿ ಬಹಳ ಸಾಮಾನ್ಯ.

ನಾನು ಹಳ್ಳಿಯವರಿಗೆ ಇದನ್ನು ಹಗೇವಿನ ಹೋಲಿಕೆ ಕೊಟ್ಟು ಹೇಳುತ್ತೇನೆ. ಚರ್ಮದ ಕೆಳಗಿನ ಕೊಬ್ಬು ಜೋಳ ತುಂಬುವ ಹಗೇವು ಇದ್ದಂತೆ. ಅಲ್ಲಿ ತುಂಬಿದ್ದು ಅಷ್ಟಾಗಿ ಯಾರಿಗೂ ತೊಂದರೆ ಕೊಡುವುದಿಲ್ಲ. ಕೆಲವರಿಗೆ ಆ ಹಗೇವು ಹುಟ್ಟಿನಿಂದಲೇ ಚಿಕ್ಕದು. ಅದು ತುಂಬಿದ ಮೇಲೆ ಬಂದ ಮೂಟೆಗಳನ್ನು ಪಡಸಾಲೆ, ಅಡುಗೆಮನೆ, ದೇವರ ಕೋಣೆಯಲ್ಲೆಲ್ಲ ಒಟ್ಟಿದರೆ ಮನೆಯ ಕೆಲಸವೇ ನಿಲ್ಲುವಂತೆ, ಕೊಬ್ಬು ಕರುಳಿನ ಸುತ್ತ, ಲಿವರ್ ಒಳಗೆ ಸೇರಿಕೊಂಡಾಗ ಇನ್ಸುಲಿನ್ ತನ್ನ ಕೆಲಸ ಮಾಡಲಾಗದೆ ಸಕ್ಕರೆ ಏರುತ್ತದೆ. ಇದರ ಬೇರು ತಾಯಿಯ ಗರ್ಭದವರೆಗೂ ಹೋಗುತ್ತದೆ ಎಂಬುದಕ್ಕೆ ಸಾಕ್ಷಿ ಒದಗಿಸಿದ ಊರುಗಳಲ್ಲಿ ನಮ್ಮ ಮೈಸೂರೂ ಒಂದು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. ಆ ಮಕ್ಕಳು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚಾಗಿ ಕಂಡಿತು. ಅದು 1996ರಲ್ಲಿ ಪ್ರಕಟವಾಯಿತು.

ಹಾಗಾದರೆ ಮನೆಯಲ್ಲಿ ಏನನ್ನು ಅಳೆಯಬೇಕು? ದರ್ಜಿಯ ಟೇಪು ಸಾಕು. ಕಡೆಯ ಪಕ್ಕೆಲುಬಿಗೂ ಸೊಂಟದ ಎಲುಬಿನ ಮೇಲಂಚಿಗೂ ನಡುವಿನ ಜಾಗದಲ್ಲಿ, ಉಸಿರು ಬಿಟ್ಟ ಮೇಲೆ, ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳದೆ ಸುತ್ತಳತೆ ತೆಗೆಯಿರಿ. ನಮ್ಮಲ್ಲಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಗಡಿ. ಸೊಂಟ ಎತ್ತರದ ಅರ್ಧ ದಾಟಬಾರದು ಎಂಬುದು ನೆನಪಿಡಲು ಇನ್ನೂ ಸುಲಭ. ಪ್ಯಾಂಟಿನ ಅಳತೆಯನ್ನು ಮಾತ್ರ ನನಗೆ ಬರೆಯಬೇಡಿ. ಗಂಡಸರು ಹೊಟ್ಟೆ ಬಂದಂತೆಲ್ಲ ಪ್ಯಾಂಟನ್ನು ಕೆಳಗೆ ಇಳಿಸುತ್ತಾ ಹೋಗಿ, ಇಪ್ಪತ್ತು ವರ್ಷಗಳಿಂದ ನನ್ನದು ಅದೇ 34 ಎಂದು ಹೇಳುತ್ತಾರೆ.

ಮೂವರ ಅಳತೆಯನ್ನೂ ತಿಳಿಸಿ. ಅತ್ತೆಯವರ ಬಗ್ಗೆ ಇನ್ನೊಂದು ಪ್ರಶ್ನೆ: ಕಳೆದ ವರ್ಷ ಅವರ ತೂಕ ಎಷ್ಟಿತ್ತು?

ಮಟ್ಟಿ ಮಣ್ಣು (ದಾವಣಗೆರೆ)

ತಂಗಿ, ಮೊದಲು ಹುಡುಗನಿಗೆ ರಾತ್ರಿ ಊಟ ಹಾಕು. ಉಳಿದದ್ದನ್ನು ಆಮೇಲೆ ಓದು.

ನಾನು ಹದಿನೈದು ವರ್ಷ ಗರಡಿಯಲ್ಲಿ ಬೆವರು ಸುರಿಸಿದವನು. ದುಗ್ಗಮ್ಮನ ಜಾತ್ರೆಯ ಬಯಲು ಕುಸ್ತಿಯಲ್ಲಿ ಗೆದ್ದೂ ಇದ್ದೇನೆ, ಬೆನ್ನು ಮಣ್ಣಾಗಿಸಿಕೊಂಡೂ ಇದ್ದೇನೆ. ನಮ್ಮ ಕಾಲದಲ್ಲಿ ಪೈಲ್ವಾನನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ಆರೋಗ್ಯ ಹೇಳುವವರು ಇರಲಿಲ್ಲ. ಗರಡಿಯ ಗುರುಗಳಾದ ವಸ್ತಾದರು ಕುತ್ತಿಗೆ, ತೊಡೆ ಮುಟ್ಟಿ ನೋಡಿ, ಎರಡನೆಯ ಜೋಡಿಗೆ ಉಸಿರು ಎಷ್ಟು ಬೇಗ ಮರಳುತ್ತದೆ ಎಂದು ಗಮನಿಸಿ, ಅಷ್ಟರಿಂದಲೇ ತೀರ್ಮಾನಿಸುತ್ತಿದ್ದರು. ಐದು ವರ್ಷ ಸಾಮು ಮಾಡಿದ 168 ಸೆಂಟಿಮೀಟರಿನ ಹುಡುಗ 82 ಕಿಲೋ ಇದ್ದರೆ ಅದರಲ್ಲಿ ಬೆರಗಾಗುವಂಥದ್ದು ಏನೂ ಇಲ್ಲ.

ನನಗೆ ಭಯವಾಗುವುದು 74 ಕಿಲೋ ಎಂಬ ಮಾತಿಗೆ. ಕೊಬ್ಬು ಇಲ್ಲದವನು ಎಂಟು ಕಿಲೋ ಇಳಿಸಬೇಕಾದರೆ ಒಂದೋ ಮಾಂಸಖಂಡ ಕರಗಬೇಕು, ಇಲ್ಲವೇ ಮೈಯ ನೀರು ಹೋಗಬೇಕು. ಸ್ಪರ್ಧೆಯ ಹಿಂದಿನ ದಿನ ಕಂಬಳಿ ಹೊದ್ದು ಓಡುವುದು, ಬಾಯಿಗೆ ನೀರು ಹಾಕದಿರುವುದು, ಉಗುಳಿ ಉಗುಳಿ ತೂಕ ಇಳಿಸುವುದು ಇವೆಲ್ಲವನ್ನೂ ನಾನು ಕಣ್ಣಾರೆ ಕಂಡಿದ್ದೇನೆ, ಒಮ್ಮೆ ನಾನೇ ಮಾಡಿ ಮಟ್ಟಿಯಲ್ಲಿ ಕಣ್ಣು ಕತ್ತಲೆ ಬಂದು ಕುಳಿತಿದ್ದೇನೆ. 1997ರ ಕೊನೆಯ ಎರಡು ತಿಂಗಳಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆಯೇ ತೂಕ ಇಳಿಸಲು ಹೋಗಿ ಸತ್ತರು. ಆಮೇಲೆ ಅಲ್ಲಿ ಮೈಯಲ್ಲಿ ನೀರಿನಂಶ ಸರಿಯಾಗಿದೆಯೇ ಎಂದು ಪರೀಕ್ಷಿಸಿ, ಕೊಬ್ಬು ನೂರಕ್ಕೆ 5 ಭಾಗಕ್ಕಿಂತ ಕೆಳಗೆ ಹೋಗದಂತೆ ಪ್ರತಿಯೊಬ್ಬನ ಕನಿಷ್ಠ ತೂಕ ಗೊತ್ತುಮಾಡುವ ನಿಯಮ ತಂದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ ರಾತ್ರಿಯಿಡೀ ಏನೆಲ್ಲ ಮಾಡಿದರೂ 50 ಕಿಲೋ ಮೇಲೆ 100 ಗ್ರಾಂ ಉಳಿದು ಫೈನಲ್ ತಪ್ಪಿದ್ದನ್ನು ನಾವೆಲ್ಲ ನೋಡಿದ್ದೇವೆ.

ಅವನ ಸಹಜ ವಿಭಾಗ 86 ಕಿಲೋ. ಅಲ್ಲಿಯೇ ಬಲ ಕೂಡಿಸಿಕೊಳ್ಳಲಿ. ಒಂದು ಎಚ್ಚರವನ್ನು ಮಾತ್ರ ಹೇಳುತ್ತೇನೆ. ಕುಸ್ತಿ ಬಿಟ್ಟ ಮೇಲೂ ಪೈಲ್ವಾನರ ಊಟ ಬಿಡದೆ, ನಲವತ್ತಕ್ಕೆ ಹೊಟ್ಟೆ, ನಲವತ್ತೈದಕ್ಕೆ ಶುಗರ್ ತಂದುಕೊಂಡ ನನ್ನ ಜೊತೆಯವರು ಬೇಕಾದಷ್ಟು ಇದ್ದಾರೆ. ಆಗ ಅವರ ತೂಕ ಹಳೆಯದೇ ಇತ್ತು, ಒಳಗಿನ ಸರಕು ಬದಲಾಗಿತ್ತು.

ಏಳು ಸುತ್ತಿನ ಕೋಟೆ (ಚಿತ್ರದುರ್ಗ)

ಇಷ್ಟೆಲ್ಲ ಅಳತೆಗಳು ಬೇಕೇ ಎಂದು ನನಗೆ ಅನುಮಾನ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ನಮ್ಮ ಹಿರಿಯರು ರಾಗಿಮುದ್ದೆ, ನವಣೆ ಅನ್ನ, ಹುರುಳಿಕಾಳು ಸಾರು ತಿಂದು ಎಂಬತ್ತರವರೆಗೆ ನೆಟ್ಟಗೆ ನಡೆದಾಡಿದರು. ಬರ ಬಿದ್ದ ವರ್ಷಗಳನ್ನು ಕಂಡ ಆ ಜನಕ್ಕೆ ಮೈಕೈ ತುಂಬಿಕೊಂಡಿರುವುದೇ ಆರೋಗ್ಯ, ಸೊರಗುವುದೇ ರೋಗ. ನನ್ನ ಅಜ್ಜಿ ಯಾರನ್ನು ನೋಡಿದರೂ ಮೊದಲು ಹೇಳುತ್ತಿದ್ದ ಮಾತು "ಏನಪ್ಪಾ, ಇಳಿದು ಹೋಗಿದ್ದೀಯಲ್ಲ" ಎಂಬುದೇ. ಈಗ ಅದೇ ಮಾತನ್ನು ಹೊಗಳಿಕೆ ಎಂದು ತೆಗೆದುಕೊಳ್ಳುವ ಕಾಲ ಬಂದಿದೆ. ಅಲ್ಲದೆ ಕೆಲವರದು ದೊಡ್ಡ ಎಲುಬಿನ ವಂಶ. ನಮ್ಮ ಮನೆತನವೇ ಹಾಗೆ, ಏನು ತಿಂದರೂ ಬಿಟ್ಟರೂ ತೂಕ ಅಷ್ಟೇ. ಮುದ್ದೆ ತಿಂದವರಿಗೆ ಶುಗರ್ ಬರುವುದಿಲ್ಲ, ಅಕ್ಕಿ ಬಂದ ಮೇಲೆ ಈ ರೋಗಗಳೆಲ್ಲ ಬಂದವು ಎಂಬುದು ನನ್ನ ತಿಳಿವಳಿಕೆ.

ಪಥ್ಯಾಪಥ್ಯ (ದಾವಣಗೆರೆ)

ಕೋಟೆಯವರೇ, ತಮ್ಮ ಅಜ್ಜಿಯ ಕಣ್ಣು ಬಹಳ ಸೂಕ್ಷ್ಮವಾದದ್ದು; ಆ ಮಾತಿಗೆ ಆಮೇಲೆ ಬರುತ್ತೇನೆ. ಆದರೆ ಎಲುಬಿನ ವಿಷಯದಲ್ಲಿ ಒಪ್ಪಲಾರೆ. ಇಡೀ ಅಸ್ಥಿಪಂಜರದ ತೂಕ ದೇಹದ ತೂಕದಲ್ಲಿ ನೂರಕ್ಕೆ ಸುಮಾರು 15 ಭಾಗ ಮಾತ್ರ. ದಪ್ಪ ಎಲುಬಿನವರಿಗೂ ಸಣ್ಣ ಎಲುಬಿನವರಿಗೂ ವ್ಯತ್ಯಾಸ ಕೆಲವು ಕಿಲೋ ಬರಬಹುದೇ ಹೊರತು ಇಪ್ಪತ್ತು ಕಿಲೋ ಬರುವುದಿಲ್ಲ. ಅಲ್ಲದೆ ಎಲುಬು ಹೊಟ್ಟೆಯ ಮುಂದೆ ಬೆಳೆಯುವುದಿಲ್ಲ.

ಮುದ್ದೆಯ ಮಾತೂ ಅರ್ಧ ಸತ್ಯ. ರಾಗಿಯಲ್ಲಿ ಸುಣ್ಣದಂಶವೂ ನಾರೂ ಚೆನ್ನಾಗಿವೆ, ನಿಜ. ಆದರೆ ಅದರ ಬಹುಪಾಲು ಪಿಷ್ಟವೇ. ದಿನವಿಡೀ ಶೇಂಗಾ ಹೊಲದಲ್ಲಿ ಬಾಗಿ ಕಳೆ ಕಿತ್ತವರು ತಿಂದ ಎರಡು ದೊಡ್ಡ ಮುದ್ದೆಯನ್ನು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರು ತಿಂದರೆ ಅದು ರಾಗಿ ಎಂದು ದೇಹ ರಿಯಾಯಿತಿ ಕೊಡುವುದಿಲ್ಲ. ಮುದ್ದೆ ಚಿಕ್ಕದಾಗಿ, ಜೊತೆಯ ಕಾಳು ಮತ್ತು ಸೊಪ್ಪು ಹೆಚ್ಚಾಗಿ ಇದ್ದರೆ ಆಗ ತಮ್ಮ ಮಾತನ್ನು ನಾನೂ ಒಪ್ಪುತ್ತೇನೆ.

ತುಂಗಭದ್ರೆಯ ದಡ (ಹರಿಹರ)

ನನ್ನದು ಇದಕ್ಕೆ ವಿರುದ್ಧವಾದ ಅನುಭವ. ನನಗೆ 31 ವರ್ಷ, 78 ಕಿಲೋ. ಎರಡು ವರ್ಷ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, ಕೂದಲು ಉದುರುವುದು ಎಂದು ಖಾಸಗಿ ಕ್ಲಿನಿಕ್ ಒಂದಕ್ಕೆ ಹೋದಾಗಲೆಲ್ಲ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ತೂಕ ಇಳಿಸಿ, ಎಲ್ಲವೂ ಸರಿಹೋಗುತ್ತದೆ" ಎಂಬ ಒಂದೇ ಸಲಹೆ ಸಿಗುತ್ತಿತ್ತು. ರಕ್ತ ಪರೀಕ್ಷೆ ಮಾಡಿಸಲು ಯಾರೂ ಹೇಳಲಿಲ್ಲ. ಕೊನೆಗೆ ಬೇರೆ ಕಡೆ ಪರೀಕ್ಷಿಸಿದಾಗ ಹಿಮೋಗ್ಲೋಬಿನ್ 7.9 ಇತ್ತು. ಮುಟ್ಟಿನಲ್ಲಿ ಅತಿಯಾಗಿ ರಕ್ತ ಹೋಗುತ್ತಿದ್ದುದಕ್ಕೆ ಚಿಕಿತ್ಸೆ, ಕಬ್ಬಿಣದ ಮಾತ್ರೆ ಆದ ಮೇಲೆ ಅದೇ 78 ಕಿಲೋದಲ್ಲಿಯೇ ನಾನು ಮೂರು ಮಹಡಿ ಹತ್ತುತ್ತೇನೆ. ದಪ್ಪ ಇದ್ದವರಿಗೆ ಪೋಷಣೆಯ ಕೊರತೆ ಇರಲಾರದು ಎಂದು ಯಾರೂ ತಿಳಿಯಬಾರದು ಎಂದಷ್ಟೇ ಹೇಳಲು ಬರೆದೆ.

ಕೆರೆ ಏರಿಯ ಹಾದಿ (ದಾವಣಗೆರೆ)

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಟೇಪು ಹಿಡಿದು ಮನೆಮಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿದೆ. ಮಗನ ಸೊಂಟ 81 ಸೆಂಟಿಮೀಟರ್, ಅಂದರೆ ಎತ್ತರದ ಅರ್ಧವಾದ 84ಕ್ಕಿಂತ ಕಡಿಮೆ. ಅಣ್ಣನವರು ಬರೆದದ್ದನ್ನು ಓದಿಸಿದ ಮೇಲೆ ಊಟಕ್ಕೆ ಕುಳಿತ. ಯಜಮಾನರದು 95 ಸೆಂಟಿಮೀಟರ್. ಅರ್ಧದ ಲೆಕ್ಕಕ್ಕೆ 83 ಇರಬೇಕಿತ್ತು. ಪ್ಯಾಂಟು 34 ಎಂದು ವಾದಿಸಿದರು, ತಾವು ಹೇಳಿದ ಮಾತನ್ನು ತೋರಿಸಿದೆ. ಹಳೆಯ ವರದಿ ತೆಗೆದು ನೋಡಿದರೆ ಬರಿಹೊಟ್ಟೆಯ ಸಕ್ಕರೆ 116, ಸಕ್ಕರೆಯ ಮೂರು ತಿಂಗಳ ಸರಾಸರಿ 6.2, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು 240 ಎಂದಿದೆ. ತೂಕ ಇಳಿಸಬೇಕೆಂದರೆ ಇವರ 61 ಕಿಲೋದಲ್ಲಿ ಎಲ್ಲಿಂದ ಇಳಿಸುವುದು?

ಅತ್ತೆಯವರ ಹಳೆಯ ತೂಕವನ್ನು ಹುಡುಕುವುದು ಕಷ್ಟವಾಯಿತು. ಕಳೆದ ವರ್ಷ ಯುಗಾದಿಯ ಹೊತ್ತಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಗಿತ್ತು. ಆ ಕಾಗದದಲ್ಲಿ 45 ಕಿಲೋ ಎಂದು ಬರೆದಿದೆ. ಹದಿಮೂರು ತಿಂಗಳಲ್ಲಿ ಐದು ಕಿಲೋ. ಅವರು ರವಿಕೆಗಳನ್ನು ಹಿಡಿಸಿಕೊಂಡು ಹೊಲಿಸಿಕೊಂಡದ್ದು ನನಗೆ ಗೊತ್ತಿತ್ತು, ಬಟ್ಟೆ ಹಿಗ್ಗಿದೆ ಎಂದುಕೊಂಡಿದ್ದೆ.

ಪಥ್ಯಾಪಥ್ಯ (ದಾವಣಗೆರೆ)

ಮೇಡಂ, ನೀವು ಮೊದಲು ಕೇಳಿದ ಪ್ರಶ್ನೆಗೆ ಈಗ ನೇರವಾಗಿ ಉತ್ತರಿಸುತ್ತೇನೆ: ಚಿಂತಿಸಬೇಕಾದದ್ದು ಅತ್ತೆಯವರ ಬಗ್ಗೆ, ಅದೂ ಈ ವಾರವೇ.

18.3 ಎಂಬ ಅಂಕಿಯಲ್ಲಿ ಅಂಥದ್ದೇನೂ ಇಲ್ಲ. ಬದುಕಿಡೀ ಸಣ್ಣಗಿದ್ದು ಗಟ್ಟಿಮುಟ್ಟಾಗಿ ಇರುವವರು ನಮ್ಮ ಹಳ್ಳಿಗಳಲ್ಲಿ ಬಹಳ. ಜೊತೆಗೆ ವಯಸ್ಸಾದಂತೆ ಬೆನ್ನೆಲುಬು ಕುಗ್ಗಿ ಎತ್ತರವೇ ಇಳಿಯುವುದರಿಂದ ಆ ಭಾಗಾಕಾರವನ್ನು ಮುದುಕರಲ್ಲಿ ಅಷ್ಟಾಗಿ ನಂಬುವಂತೆಯೂ ಇಲ್ಲ. ಆದರೆ ಬೇಕೆಂದು ಪ್ರಯತ್ನಿಸದೆ ಆರರಿಂದ ಹನ್ನೆರಡು ತಿಂಗಳಲ್ಲಿ ನೂರಕ್ಕೆ 5 ಭಾಗ ತೂಕ ಇಳಿದರೆ ಕಾರಣ ಹುಡುಕಲೇಬೇಕು. ಇವರದು ನೂರಕ್ಕೆ 11. ಕೋಟೆಯವರ ಅಜ್ಜಿ "ಇಳಿದು ಹೋಗಿದ್ದೀಯಲ್ಲ" ಎನ್ನುವಾಗ ನೋಡುತ್ತಿದ್ದುದು ಇದನ್ನೇ: ಎಷ್ಟಿದ್ದಾರೆ ಎಂದಲ್ಲ, ಎಷ್ಟಿದ್ದವರು ಎಷ್ಟಾದರು ಎಂದು. ಹಲ್ಲು ಹೋಗಿ ರೊಟ್ಟಿ ಅಗಿಯಲಾಗದಿರುವುದು, ಥೈರಾಯ್ಡ್, ಕ್ಷಯ, ಸಕ್ಕರೆ ಕಾಯಿಲೆ, ಮನಸ್ಸಿನ ಖಿನ್ನತೆ, ಹೊಟ್ಟೆಯೊಳಗಿನ ಗಡ್ಡೆ ಹೀಗೆ ಕಾರಣ ಯಾವುದೂ ಇರಬಹುದು. ಅದನ್ನು ವೈದ್ಯರು ಪರೀಕ್ಷಿಸಿಯೇ ಹೇಳಬೇಕು. ಮನೆಯಲ್ಲಿ ಎರಡು ಸಂಗತಿಗಳನ್ನು ನೋಡಿಟ್ಟುಕೊಂಡು ಹೋಗಿ. ಮೀನಖಂಡದ ಅತಿ ದಪ್ಪ ಭಾಗದ ಸುತ್ತಳತೆ ಹೆಂಗಸರಲ್ಲಿ 33 ಸೆಂಟಿಮೀಟರ್‌ಗಿಂತ ಕಡಿಮೆ ಇದೆಯೇ, ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡ್ ಮೀರುತ್ತದೆಯೇ ಎಂಬುದರಿಂದ ಮಾಂಸಖಂಡ ಎಷ್ಟು ಕ್ಷೀಣಿಸಿದೆ ಎಂದು ಏಷ್ಯಾದ ತಜ್ಞರು ಅಂದಾಜು ಮಾಡುತ್ತಾರೆ. ರಾತ್ರಿ ಎಷ್ಟು ಸಲ ಏಳುತ್ತಾರೆ, ಬಾಯಾರಿಕೆ ಹೆಚ್ಚಿದೆಯೇ ಎಂದೂ ಕೇಳಿ.

ಯಜಮಾನರದು ಸಕ್ಕರೆ ಕಾಯಿಲೆಯ ಹೊಸ್ತಿಲು, 5.7ರಿಂದ 6.4ರವರೆಗಿನ ಸರಾಸರಿಯನ್ನು ಹಾಗೆ ಕರೆಯುತ್ತೇವೆ. ಇಳಿಸಬೇಕಾದದ್ದು ತೂಕವಲ್ಲ, ಸೊಂಟ. ಚೆನ್ನೈನಲ್ಲಿ ಇಂಥದೇ ಹೊಸ್ತಿಲಲ್ಲಿದ್ದ ಐನೂರಕ್ಕೂ ಹೆಚ್ಚು ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಊಟ ತಿದ್ದಿಕೊಂಡು ದಿನವೂ ನಡೆದವರಲ್ಲಿ ಮೂರು ವರ್ಷಗಳಲ್ಲಿ ಕಾಯಿಲೆಯ ಸಂಭವ ನಾಲ್ಕನೇ ಒಂದು ಭಾಗಕ್ಕೂ ಹೆಚ್ಚು ತಗ್ಗಿತು. ಸ್ವಾರಸ್ಯವೆಂದರೆ ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲೇ ಇಲ್ಲ. ಆದ್ದರಿಂದ 61 ಕಿಲೋದಲ್ಲಿ ಎಲ್ಲಿಂದ ಇಳಿಸುವುದು ಎಂದು ಕೇಳಬೇಡಿ. ಕೆರೆಯ ಸುತ್ತ ಬೆಳಿಗ್ಗೆ ನಡೆಯಲಿ, ವಾರಕ್ಕೆರಡು ದಿನ ಮಗನ ಪಕ್ಕದಲ್ಲಿ ನಿಂತು ಹತ್ತು ಬೈಠಕ್ ಹಾಕಲಿ, ತಟ್ಟೆಯಲ್ಲಿ ಅನ್ನ ತಗ್ಗಿ ಕಾಳು ಏರಲಿ. ಸಂಜೆಯ ಮಂಡಕ್ಕಿ ಮಿರ್ಚಿಯಲ್ಲಿ ಮಂಡಕ್ಕಿಯನ್ನೂ ಮಿರ್ಚಿಯನ್ನೂ ಒಟ್ಟಿಗೆ ಬಿಡಿಸಲು ಹೋದರೆ ಮನೆಯಲ್ಲಿ ಯುದ್ಧವಾಗುತ್ತದೆ. ವಾರಕ್ಕೊಂದು ದಿನ ಎಂದು ರಾಜಿ ಮಾಡಿಕೊಳ್ಳಿ.

ಇನ್ನೊಂದು ಮಾತು. ನೀವು ಮೂವರ ಅಳತೆ ಕೊಟ್ಟಿರಿ. ಮನೆಯಲ್ಲಿ ನಾಲ್ಕು ಜನ ಇದ್ದೀರಿ.

ಕೆರೆ ಏರಿಯ ಹಾದಿ (ದಾವಣಗೆರೆ)

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ.

ಅತ್ತೆಯವರ ಮೀನಖಂಡ 28 ಸೆಂಟಿಮೀಟರ್. ಕುರ್ಚಿಯಿಂದ ಮೂರನೆಯ ಸಲ ಏಳುವಾಗಲೇ ಕೈ ಊರಿದರು. ರಾತ್ರಿ ನಾಲ್ಕೈದು ಸಲ ಏಳುತ್ತಿದ್ದರಂತೆ; ವಯಸ್ಸಾದ ಮೇಲೆ ಎಲ್ಲರಿಗೂ ಹಾಗೆಯೇ ಎಂದು ಯಾರಿಗೂ ಹೇಳಿರಲಿಲ್ಲ. ಪರೀಕ್ಷೆಯಲ್ಲಿ ಬರಿಹೊಟ್ಟೆಯ ಸಕ್ಕರೆ 248, ಮೂರು ತಿಂಗಳ ಸರಾಸರಿ 10.4 ಬಂತು. ಎದೆಯ ಎಕ್ಸ್-ರೇ, ಕಫ, ಥೈರಾಯ್ಡ್ ಎಲ್ಲವೂ ಸರಿಯಾಗಿವೆ. ಈ ವಯಸ್ಸಿನಲ್ಲಿ ತೂಕ ಇಳಿಯುತ್ತಾ ಹೊಸದಾಗಿ ಸಕ್ಕರೆ ಕಾಣಿಸಿಕೊಂಡರೆ ಮೇದೋಜೀರಕ ಗ್ರಂಥಿಯನ್ನೂ ನೋಡಬೇಕೆಂದು ಹೊಟ್ಟೆಯ ಸ್ಕ್ಯಾನ್ ಮಾಡಿಸಿದರು. ಅದರಲ್ಲಿಯೂ ಏನೂ ಕಾಣಲಿಲ್ಲ. ಮನೆಯಲ್ಲಿ ಸಕ್ಕರೆ ಕಾಯಿಲೆ ಎಂದರೆ ನಾವೆಲ್ಲ ಯಜಮಾನರ ಹೊಟ್ಟೆಯನ್ನೇ ನೋಡುತ್ತಿದ್ದೆವು. ನಲವತ್ತು ಕಿಲೋದ ಮುದುಕಿಗೆ ಅದು ಬಂದಿರಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಔಷಧಿ ಶುರುವಾಗಿದೆ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ, ಜೊತೆಗೆ ಬೇಯಿಸಿದ ಹೆಸರುಕಾಳು, ಮೊಸರು ಕೊಡುತ್ತಿದ್ದೇನೆ. ಮೊನ್ನೆ 40 ಕಿಲೋ 800 ಗ್ರಾಂ ಇದ್ದರು.

ಮಗ 86 ಕಿಲೋ ವಿಭಾಗದಲ್ಲಿಯೇ ಹೆಸರು ಬರೆಸಿದ್ದಾನೆ. ಯಜಮಾನರು ಹಸಿರು ಚೀಟಿಯನ್ನು ಇನ್ನೂ ತೆಗೆದಿಲ್ಲ, ಆದರೆ ಅದರ ಕೆಳಗೆ 95 ಎಂದು ಬರೆದು, ನಿನ್ನೆ ಅದನ್ನು ಹೊಡೆದು 94 ಎಂದು ತಿದ್ದಿದ್ದಾರೆ. ಟೇಪನ್ನು ಬಿಗಿಯಾಗಿ ಎಳೆದರು ಎಂಬುದು ನನ್ನ ಅನುಮಾನ.

ನಾಲ್ಕನೆಯವಳ ವಿಷಯ: ಶಿಬಿರದಲ್ಲಿ ಎಲ್ಲರ ಚಪ್ಪಲಿ, ಚೀಲ ಹಿಡಿದುಕೊಂಡು ನಿಂತಿದ್ದೆ, ಯಂತ್ರ ಹತ್ತಲೇ ಇಲ್ಲ. ಈಗ ಅಳೆದಿದ್ದೇನೆ: 156 ಸೆಂಟಿಮೀಟರ್, 64 ಕಿಲೋ, ಸೊಂಟ 86. ಬಿಎಂಐ 26.3. ಬಿ.ಪಿ. 138ಕ್ಕೆ 88 ಇತ್ತು. ಬರಿಹೊಟ್ಟೆಯ ರಕ್ತ ಪರೀಕ್ಷೆಗೆ ಮಂಗಳವಾರ ಹೋಗುತ್ತಿದ್ದೇನೆ, ಮೊದಲನೆಯ ಪಿರಿಯಡ್ಡಿಗೆ ರಜೆ ಹಾಕಿದ್ದೇನೆ.